ಹಳೆಯ ಡೇಟಾಬೇಸ್‌ನಿಂದ ಜ್ಯಾಂಗೊ ಮಾಡೆಲ್‌ಗಳು

ನಲವತ್ತು ಟೇಬಲ್‌ಗಳಿರುವ ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಜ್ಯಾಂಗೊ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮಾಡೆಲ್‌ಗಳನ್ನು, ಅಂದರೆ ಟೇಬಲ್‌ಗಳನ್ನು ಪ್ರತಿನಿಧಿಸುವ ಕ್ಲಾಸ್‌ಗಳನ್ನು, ಕೈಯಿಂದಲೇ ಬರೆಯಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಡೇಟಾಬೇಸ್‌ನ ವಿವರ ಕೊಟ್ಟು ‘ಇನ್‌ಸ್ಪೆಕ್ಟ್‌ಡಿಬಿ’ ಕಮಾಂಡ್ ಚಲಾಯಿಸಿ. ಪ್ರತಿ ಟೇಬಲ್‌ಗೂ ಒಂದು ಕ್ಲಾಸ್ ಸಿದ್ಧವಾಗಿ ಪರದೆಯ ಮೇಲೆ ಬರುತ್ತದೆ. ಅದನ್ನು ಮಾಡೆಲ್ಸ್ ಫೈಲ್‌ಗೆ ಉಳಿಸಿಕೊಳ್ಳಿ.

ಆದರೆ ಕಣ್ಣುಮುಚ್ಚಿ ನಂಬಬೇಡಿ. ಟೇಬಲ್‌ಗಳು ಮೈಐಸ್ಯಾಮ್ ಎಂಬ ಸ್ಟೋರೇಜ್ ಎಂಜಿನ್‌ನವಾಗಿದ್ದರೆ, ಒಂದು ಟೇಬಲ್ ಅನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಅಲ್ಲಿ ದಾಖಲಾಗಿರುವುದೇ ಇಲ್ಲ. ‘ಕಸ್ಟಮರ್_ಐಡಿ’ ಬರೀ ಇಂಟಿಜರ್ ಆಗಿ ಬರುತ್ತದೆ. ಆ ಸಂಬಂಧಗಳನ್ನು ನೀವೇ ಕೂತು ಜೋಡಿಸಬೇಕು, ನಿಜವಾದ ಕೆಲಸ ಇರುವುದೇ ಅಲ್ಲಿ. ಇನ್ನು ಪ್ರತಿ ಕ್ಲಾಸ್‌ನ ‘ಮೆಟಾ’ ಎಂಬ ಒಳ ಕ್ಲಾಸ್‌ನಲ್ಲಿ ‘ಮ್ಯಾನೇಜ್ಡ್ = ಫಾಲ್ಸ್’ ಎಂದಿರುತ್ತದೆ, ಅಂದರೆ ಆ ಟೇಬಲ್‌ನ ರಚನೆಯನ್ನು ಜ್ಯಾಂಗೊ ನಿರ್ವಹಿಸುವುದಿಲ್ಲ. ಹಳೆಯ ತಂತ್ರಾಂಶವೂ ಅದೇ ಡೇಟಾಬೇಸ್ ಬಳಸುತ್ತಿದ್ದರೆ ದಯವಿಟ್ಟು ಆ ಸಾಲನ್ನು ಮುಟ್ಟಬೇಡಿ. ತೆಗೆದರೆ ಮುಂದಿನ ಮೈಗ್ರೇಷನ್‌ಗಳು (ಮಾಡೆಲ್‌ನ ಬದಲಾವಣೆಯನ್ನು ಡೇಟಾಬೇಸ್‌ಗೆ ಅನ್ವಯಿಸುವ ಹಂತಗಳು) ಟೇಬಲ್‌ಗಳ ರಚನೆಯನ್ನೇ ಬದಲಿಸಬಹುದು.