ಕೊನೆ ಮೊದಲೇ ಗೊತ್ತಿದ್ದರೂ ಓದಬೇಕಾ?

ಪ್ರಿಯ ಓದುಗರೆ,

ನಮಸ್ಕಾರ. ಸಾಗರದಿಂದ ನೀವು ಬರೆದ ಪತ್ರದಲ್ಲಿ ಸಿಟ್ಟಿದೆ. ಆದರೆ ಅದು ಪುಸ್ತಕವನ್ನು ಕೊನೆಯ ಪುಟದವರೆಗೂ ಮನಸ್ಸಿಟ್ಟು ಓದಿದವರ ಸಿಟ್ಟು. ಹಾಗಾಗಿ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಸಾಲು ಹಾಕಿ ಮುಗಿಸಲು ಮನಸ್ಸು ಬರಲಿಲ್ಲ.

ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಪುಸ್ತಕ ಅಂಕಣದಲ್ಲಿ ಡಯಾನಾ ಗೆಬಲ್ಡಾನ್ ಅವರ ‘ಔಟ್‌ಲ್ಯಾಂಡರ್’ ಮತ್ತು ಅದರ ಮುಂದಿನ ಭಾಗ ‘ಡ್ರ್ಯಾಗನ್‌ಫ್ಲೈ ಇನ್ ಆ್ಯಂಬರ್’ ಬಗ್ಗೆ ಬರೆದಿದ್ದೆವು. ನೀವು ಎರಡನ್ನೂ ತರಿಸಿ ಓದಿದಿರಿ. ಮೊದಲನೆಯದು ತುಂಬಾ ಹಿಡಿಸಿತು. ಎರಡನೆಯದು ಮೋಸ ಮಾಡಿತು ಅನ್ನುತ್ತೀರಿ. ಮೊದಲ ಪುಟದಲ್ಲೇ ಇಪ್ಪತ್ತು ವರ್ಷ ದಾಟಿಸಿ, ಪ್ರೇಮಿಗಳು ಬೇರೆಯಾಗಿದ್ದಾರೆ ಅಂತ ತೋರಿಸಿಬಿಟ್ಟರೆ ಮುಂದೆ ಓದುವುದಾದರೂ ಯಾಕೆ ಅಂತ ಕೇಳಿದ್ದೀರಿ. ಪ್ಯಾರಿಸ್ ಭಾಗ ಎಳೆದಂತಿದೆ ಅಂದಿದ್ದೀರಿ. ಮುಂದಾಗುವುದೆಲ್ಲ ಗೊತ್ತಿರುವ ನಾಯಕಿ ಕ್ಲೇರ್‌ಗೆ ಒಂದು ಯುದ್ಧ ತಪ್ಪಿಸಲು ಆಗಲಿಲ್ಲವೇ ಅನ್ನುವುದು ಇನ್ನೊಂದು ಪ್ರಶ್ನೆ. ಅವಳ ಮೊದಲ ಗಂಡ ಫ್ರಾಂಕ್‌ಗೆ ಅನ್ಯಾಯವಾಗಿದೆ ಅನ್ನುವುದು ನಿಮ್ಮ ದೊಡ್ಡ ನೋವು. ಕೊನೆಗೆ, ಮೂರನೆಯದನ್ನು ಕೊಳ್ಳಲೋ ಬೇಡವೋ ಅಂತಲೂ ಕೇಳಿದ್ದೀರಿ.

ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ.

1991ರಲ್ಲಿ ಬಂದ ಮೊದಲ ಪುಸ್ತಕದ ಕಥೆ ಗೊತ್ತೇ ಇದೆ. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್, ಯುದ್ಧ ಮುಗಿದ ಮೇಲೆ ಗಂಡ ಫ್ರಾಂಕ್ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಹೋಗುತ್ತಾಳೆ. ಅಲ್ಲೊಂದು ಗುಡ್ಡದ ಮೇಲೆ ವೃತ್ತಾಕಾರದಲ್ಲಿ ನಿಂತ ಕಲ್ಲುಗಳಿವೆ. ಒಂದನ್ನು ಮುಟ್ಟಿದ್ದೇ ತಡ, 1743ಕ್ಕೆ ಹೋಗಿ ಬೀಳುತ್ತಾಳೆ. ಅಲ್ಲಿ ಜೇಮಿ ಫ್ರೇಸರ್ ಸಿಗುತ್ತಾನೆ, ಮದುವೆಯಾಗುತ್ತದೆ, ಪ್ರೀತಿ ಬೆಳೆಯುತ್ತದೆ. ಪುಸ್ತಕ ಮುಗಿಯುವಾಗ ಇಬ್ಬರೂ ಫ್ರಾನ್ಸಿನಲ್ಲಿದ್ದಾರೆ, ಅವಳು ಗರ್ಭಿಣಿ. ನಾವೆಲ್ಲ ಸಮಾಧಾನದಿಂದ ಪುಸ್ತಕ ಮುಚ್ಚುತ್ತೇವೆ. ಮರುವರ್ಷ ಬಂದ ಎರಡನೆಯದನ್ನು ತೆರೆದರೆ 1968. ಕ್ಲೇರ್ ಬಾಸ್ಟನ್ನಿನಲ್ಲಿ ಸರ್ಜನ್. ಜೊತೆಗೆ ಇಪ್ಪತ್ತರ ಮಗಳು ಬ್ರಿಯಾನಾ. ಜೇಮಿ ಇಲ್ಲ.

ನಿಮ್ಮೊಬ್ಬರಿಗೇ ಹೀಗಾಗಿದ್ದಲ್ಲ. ಈ ಶುರುವಿನ ಬಗ್ಗೆ ಮೂವತ್ತು ವರ್ಷದಿಂದ ಓದುಗರು ಜಗಳವಾಡುತ್ತಲೇ ಇದ್ದಾರೆ. ತಪ್ಪು ಪುಸ್ತಕ ಕೈಗೆ ಬಂತಾ ಅಂತ ಮುಖಪುಟ ತಿರುಗಿಸಿ ನೋಡಿದವರಿದ್ದಾರೆ. ಆ ಪುಟಗಳನ್ನು ಹಾರಿಸಿ ಸೀದಾ 1744ಕ್ಕೆ ಹೋದವರೂ ಇದ್ದಾರೆ.

ನಾನು ಮಾತ್ರ ಈ ಶುರುವಿನ ಪರ. ಪುಸ್ತಕದ ಅತಿ ಒಳ್ಳೆಯ ನಿರ್ಧಾರ ಅದೇ ಅಂತ ನಂಬಿದ್ದೇನೆ.

ಕ್ಲೇರ್ ಸ್ಥಿತಿ ಏನು, ಸ್ವಲ್ಪ ಯೋಚಿಸಿ. ಅವಳು 1744ರಲ್ಲಿ ನಿಂತು 1746ನ್ನು ನೋಡುತ್ತಿದ್ದಾಳೆ. ಸ್ಕಾಟ್ಲೆಂಡಿನ ಕಲೊಡೆನ್ ಯುದ್ಧಮೈದಾನದಲ್ಲಿ ತನ್ನವರೆಲ್ಲ ಸಾಯುತ್ತಾರೆ ಅಂತ ಅವಳಿಗೆ ಗೊತ್ತು. ಜೊತೆಗೆ ಕೂತು ಊಟ ಮಾಡುವವರು, ಮಗುವಿಗೆ ಹೆಸರು ಯೋಚಿಸುವವರು, ತಮಾಷೆ ಮಾಡಿ ನಗಿಸುವವರು, ಎಲ್ಲರ ದಿನವೂ ಅವಳಿಗೆ ಗೊತ್ತಿದೆ. ಈ ಭಾರ ಓದುಗರಿಗೆ ಹೇಗೆ ದಾಟಬೇಕು? ಕಥೆಯನ್ನು ನೇರವಾಗಿ ಹೇಳಿದ್ದರೆ ನಾವು ‘ಏನಾಗುತ್ತೋ’ ಅಂತ ಆಸೆಯಿಂದ ಓದುತ್ತಿದ್ದೆವು. ಅವಳು ಮಾತ್ರ ಭಯದಲ್ಲಿ ಬದುಕುತ್ತಿದ್ದಳು. 1968ನ್ನು ಮೊದಲು ತೋರಿಸಿ ಲೇಖಕಿ ನಮ್ಮನ್ನು ಅವಳ ಪಕ್ಕಕ್ಕೇ ತಂದು ನಿಲ್ಲಿಸುತ್ತಾರೆ. ಅವಳಿಗೆ ದೇಶದ ಕೊನೆ ಗೊತ್ತು, ನಮಗೆ ಅವಳ ಪ್ರೀತಿಯ ಕೊನೆ ಗೊತ್ತು. ಅಲ್ಲಿಂದ ಮುಂದೆ ಜೇಮಿ ನಕ್ಕಾಗಲೆಲ್ಲ ನಮಗೆ ಹೊಟ್ಟೆಯಲ್ಲಿ ಸಂಕಟ. ನೀವು ಬರೆದಿದ್ದೀರಲ್ಲ, ‘ಸಂತೋಷದ ಪುಟಗಳನ್ನೂ ಸಂತೋಷದಿಂದ ಓದಲು ಬಿಡಲಿಲ್ಲ’ ಅಂತ. ಪುಸ್ತಕ ಅಂದುಕೊಂಡದ್ದು ಅದನ್ನೇ, ಅದು ನಿಮ್ಮಲ್ಲಿ ಪೂರ್ತಿ ಕೆಲಸ ಮಾಡಿದೆ.

ನಿಮ್ಮ ಸೀಮೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಕರ್ಣಪರ್ವದ ಆಟಕ್ಕೆ ಜನ ಬೆಳಗಿನವರೆಗೂ ಕೂರುತ್ತಾರೆ. ಕರ್ಣ ಬದುಕುತ್ತಾನಾ ಅಂತ ನೋಡಲು ಯಾರೂ ಬಂದಿರುವುದಿಲ್ಲ. ರಥದ ಚಕ್ರ ಹೂತುಹೋಗುತ್ತದೆ ಅಂತ ಮಕ್ಕಳಿಗೂ ಗೊತ್ತು. ಆದರೂ ಕುಂತಿ ಬಂದು ಮಾತು ಪಡೆದುಕೊಂಡು ಹೋಗುವಾಗ ಚಪ್ಪರದಲ್ಲಿ ಒಬ್ಬರೂ ಅಲ್ಲಾಡುವುದಿಲ್ಲ. ಗೊತ್ತಿರುವುದರಿಂದಲೇ ಆ ಸನ್ನಿವೇಶ ಅಷ್ಟು ಚುಚ್ಚುತ್ತದೆ ಅಲ್ವಾ?

ಟಿವಿ ಸರಣಿಯವರು ಏನು ಮಾಡಿದರು ಅನ್ನುವುದೂ ಇಲ್ಲಿ ನೋಡಬೇಕಾದದ್ದು. 2016ರಲ್ಲಿ ಬಂದ ಎರಡನೇ ಸೀಸನ್‌ನಲ್ಲಿ 1968ರ ಭಾಗವನ್ನು ತೆಗೆದು ಕೊನೆಯ ಕಂತಿಗೆ ಹಾಕಿದರು. ಆದರೆ ಮೊದಲ ಕಂತನ್ನು ಸುಖವಾಗಿ ಶುರುಮಾಡಲಿಲ್ಲ. 1948ಕ್ಕೆ ವಾಪಸ್ ಬಂದು ಬಿದ್ದ ಕ್ಲೇರ್, ಕಲೊಡೆನ್‌ನಲ್ಲಿ ಗೆದ್ದವರು ಯಾರು ಅಂತ ದಾರಿಯಲ್ಲಿ ಸಿಕ್ಕವನನ್ನು ಕೇಳುತ್ತಾಳೆ. ಉತ್ತರ ಕೇಳಿ ಕುಸಿಯುತ್ತಾಳೆ. ಕ್ರಮ ಬದಲಾಯಿತು, ಆದರೆ ಕೊನೆಯನ್ನು ಮೊದಲೇ ಹೇಳುವುದನ್ನು ಅವರೂ ಬಿಡಲಿಲ್ಲ.

ಈಗ ನಿಮ್ಮ ಗಟ್ಟಿ ಪ್ರಶ್ನೆಗೆ ಬರುತ್ತೇನೆ. ಎಲ್ಲ ಗೊತ್ತಿದ್ದೂ ಯಾಕೆ ತಪ್ಪಿಸಲಾಗಲಿಲ್ಲ? ಇದಕ್ಕೆ ಕಾಲಪ್ರಯಾಣದ ತರ್ಕದಲ್ಲಿ ಉತ್ತರ ಹುಡುಕಬೇಡಿ, ಇತಿಹಾಸದಲ್ಲಿ ಹುಡುಕಿ.

ಕ್ಲೇರ್ ಮತ್ತು ಜೇಮಿ ಹಾಕಿದ ಲೆಕ್ಕ ಸರಳ. ಬ್ರಿಟನ್ನಿನ ಸಿಂಹಾಸನ ಕಳೆದುಕೊಂಡು ಗಡೀಪಾರಾದ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್‌ಗೆ ಹಣ ಸಿಗದಿದ್ದರೆ ಅವನು ದಂಡೆತ್ತಿ ಹೋಗಲಾರ. ಹಣದ ದಾರಿ ಮುಚ್ಚಿದರೆ ಸಾಕು. ಅದಕ್ಕಾಗಿ ಪ್ಯಾರಿಸ್‌ನಲ್ಲಿ ಅವನ ಗೆಳೆತನ ಮಾಡುತ್ತಾರೆ, ಮದ್ಯದ ವ್ಯಾಪಾರ ಕೆಡಿಸುತ್ತಾರೆ, ಸಿಡುಬಿನ ಹೆದರಿಕೆ ಹುಟ್ಟಿಸುತ್ತಾರೆ. ಆದರೆ ನಿಜವಾದ ಚಾರ್ಲ್ಸ್ ಏನು ಮಾಡಿದ ನೋಡಿ. 1745ರ ಬೇಸಿಗೆಯಲ್ಲಿ ಎರಡು ಹಡಗಿನಲ್ಲಿ ಹೊರಟ. ಆಯುಧ, ಸೈನಿಕರು ತುಂಬಿದ್ದ ದೊಡ್ಡ ಹಡಗು ಇಂಗ್ಲಿಷ್ ಯುದ್ಧನೌಕೆಯ ಹೊಡೆತ ತಿಂದು ಅರ್ಧದಾರಿಯಿಂದ ಹಿಂದಿರುಗಿತು. ಆದರೂ ಅವನು ವಾಪಸ್ ಹೋಗಲಿಲ್ಲ. ಬೆರಳೆಣಿಕೆಯ ಸಂಗಡಿಗರ ಜೊತೆ ಸ್ಕಾಟ್ಲೆಂಡಿನ ಎರಿಸ್ಕೇ ದ್ವೀಪದಲ್ಲಿ ಇಳಿದ. ಮನೆಗೆ ಹೋಗು ಅಂದವರಿಗೆ, ನಾನು ಮನೆಗೇ ಬಂದಿದ್ದೇನೆ ಅಂದನೆಂದು ಅಲ್ಲಿ ಹೇಳುತ್ತಾರೆ. ಆಗಸ್ಟ್ 19ಕ್ಕೆ ಗ್ಲೆನ್‌ಫಿನನ್‌ನಲ್ಲಿ ಬಾವುಟ ಏರಿತು. ಸೆಪ್ಟೆಂಬರ್ 21ಕ್ಕೆ ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಗೆದ್ದೂಬಿಟ್ಟ. ಹಣವಿಲ್ಲ ಅಂತ ನಿಲ್ಲುವ ಮನುಷ್ಯನೇ ಅಲ್ಲ ಅವನು. ಕ್ಲೇರ್‌ಗೆ ದಿನಾಂಕ ಗೊತ್ತಿತ್ತು, ಆ ಮನುಷ್ಯ ಗೊತ್ತಿರಲಿಲ್ಲ.

ಆಮೇಲಿನದು ಇನ್ನೂ ಸಂಕಟ. ಚಾರ್ಲ್ಸ್ ಕಡೆಯವರು ಇಂಗ್ಲೆಂಡಿನ ಡರ್ಬಿಯವರೆಗೆ ಬಂದಿದ್ದರು. ಲಂಡನ್ನಿಗೆ ಸುಮಾರು 200 ಕಿಲೋಮೀಟರ್ ಉಳಿದಿತ್ತು. ಡಿಸೆಂಬರ್‌ನಲ್ಲಿ ಅಲ್ಲಿಂದ ಹಿಂದೆ ತಿರುಗಿದರು. 1746ರ ಏಪ್ರಿಲ್ 15, ಎದುರಾಳಿ ಸೇನಾಪತಿ ಕಂಬರ್‌ಲೆಂಡ್ ಡ್ಯೂಕನ ಹುಟ್ಟುಹಬ್ಬ. ಅವನ ಸೈನಿಕರು ಕುಡಿದು ಮಲಗಿರುತ್ತಾರೆ ಅನ್ನುವ ಲೆಕ್ಕದಲ್ಲಿ ರಾತ್ರೋರಾತ್ರಿ ಅವನ ಪಾಳೆಯವಿದ್ದ ನೇರ್ನ್ ಕಡೆ ನಡೆದರು. ಮುಟ್ಟುವ ಮೊದಲೇ ಬೆಳಕು ಹರಿಯಿತು. ವಾಪಸ್ ನಡೆದರು. ಆ ದಿನ ತಲೆಗೊಂದು ಬಿಸ್ಕತ್ತು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಹಸಿದು, ನಿದ್ದೆಗೆಟ್ಟು, ಏಪ್ರಿಲ್ 16ರಂದು ಕಲೊಡೆನ್‌ನಲ್ಲಿ ತೋಪುಗಳ ಎದುರು ನಿಂತರು. ಯುದ್ಧ ಒಂದು ಗಂಟೆಯೂ ನಡೆಯಲಿಲ್ಲ. ಚಾರ್ಲ್ಸ್ ಕಡೆ ಸತ್ತವರು, ಗಾಯಗೊಂಡವರು 1,500ರಿಂದ 2,000. ಎದುರಿನ ಕಡೆ ಸತ್ತವರು ಸುಮಾರು 50.

ಇದೆಲ್ಲ ಒಬ್ಬ ಗಂಡ, ಒಬ್ಬ ಹೆಂಡತಿ ಸೇರಿ ತಡೆಯಬಹುದಾದ ವಿಷಯವಲ್ಲ. ಸುಮ್ನೆ ಕಲ್ಪನೆಯಲ್ಲಿ ಗೆಲ್ಲಿಸಬಹುದಿತ್ತು. ಲೇಖಕಿ ಹಾಗೆ ಮಾಡದಿದ್ದದ್ದಕ್ಕೆ ನನಗೆ ಅವರ ಮೇಲೆ ಗೌರವ. ಅಲ್ಲಿ ನಿಜವಾಗಿ ಜನ ಸತ್ತಿದ್ದಾರೆ. ಆಮೇಲೆ ಹೈಲ್ಯಾಂಡಿನವರ, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡಿನವರ, ಉಡುಪಿಗೇ ನಿಷೇಧ ಬಂತು. ಅದು ರದ್ದಾಗಿದ್ದು 1782ರಲ್ಲಿ. ಇಂಥ ಸೋಲನ್ನು ಒಂದು ಪ್ರೇಮಕಥೆಯ ಅನುಕೂಲಕ್ಕೆ ಅಳಿಸಿಹಾಕಿದ್ದರೆ ನೀವೇ ಇನ್ನೂ ಕೋಪದ ಪತ್ರ ಬರೆಯುತ್ತಿದ್ದಿರಿ.

ಇಲ್ಲೊಂದು ಮಾತು ಸೇರಿಸಬೇಕು, ನಮ್ಮ ನೆಲಕ್ಕೆ ಸಂಬಂಧಪಟ್ಟದ್ದು. ಈ ದಂಗೆಯಲ್ಲಿ ಚಾರ್ಲ್ಸ್ ಪರ ನಿಂತು ಸೆರೆಸಿಕ್ಕವರಲ್ಲಿ ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್ ಅನ್ನುವ ಹುಡುಗ ಒಬ್ಬ. ಕ್ಷಮೆ ಸಿಕ್ಕಿತು, ಆಸ್ತಿ ಹೋಯಿತು. ಸ್ವೀಡನ್ ಸೇನೆಯಲ್ಲಿ ದುಡಿದು, ದಂಗೆಯಾಗಿ ಮೂವತ್ತು ವರ್ಷ ಕಳೆದ ಮೇಲೆ ಅದೇ ಬ್ರಿಟಿಷ್ ರಾಜಮನೆತನಕ್ಕಾಗಿ ಹೈಲ್ಯಾಂಡಿನವರ ಒಂದು ಪಡೆ ಕಟ್ಟಿದ. ಆ ಪಡೆ 1780ರಲ್ಲಿ ಮದ್ರಾಸಿಗೆ ಬಂತು. ಅದರ ಒಂದು ಭಾಗ ಅದೇ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಲಿ ಪುಡಿಯಾಯಿತು. ಸೆರೆಸಿಕ್ಕವರು ಶ್ರೀರಂಗಪಟ್ಟಣದ ಸೆರೆಮನೆ ಕಂಡರು. ಅವರಲ್ಲೊಬ್ಬ ಡೇವಿಡ್ ಬೇರ್ಡ್, 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು. ಕಲೊಡೆನ್‌ನ ಕಥೆ ನಮಗೆ ದೂರದ್ದು ಅಂತ ನೀವು ಬರೆದಿದ್ದಕ್ಕೆ ಇದನ್ನು ಹೇಳಿದೆ. ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ನೆನಪಿಸಿಕೊಳ್ಳಿ.

ಪ್ಯಾರಿಸ್ ವಿಷಯದಲ್ಲಿ ಅರ್ಧ ನಿಮ್ಮ ಜೊತೆ ಇದ್ದೇನೆ. ಔತಣಕೂಟಗಳು ಜಾಸ್ತಿಯಾದವು. ಯಾರು ಯಾರಿಗೆ ಸಾಲ ಕೊಟ್ಟರು ಅನ್ನುವುದನ್ನು ಅಷ್ಟು ಪುಟ ಓದಲು ತಾಳ್ಮೆ ಬೇಕು. ಆದರೆ ಸನ್ಯಾಸಿನಿಯರ ಆಸ್ಪತ್ರೆಯ ಪುಟಗಳನ್ನು ಮಾತ್ರ ಬಿಟ್ಟುಕೊಡಲಾರೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಮೂತ್ರದ ರುಚಿ ನೋಡಿ ಸಕ್ಕರೆ ಕಾಯಿಲೆ ಗುರುತಿಸುವ ಕ್ಲೇರ್ ನನಗೆ ಅರಮನೆಯ ಕ್ಲೇರ್‌ಗಿಂತ ಹತ್ತಿರ. ಕಾಯಿಲೆ ಏನೆಂದು ಗೊತ್ತು, ಕೊಡಲು ಇನ್ಸುಲಿನ್ ಇಲ್ಲ. ಯುದ್ಧದ ವಿಷಯದಲ್ಲಿ ಅವಳ ಕಷ್ಟವೂ ಇದೇ ತಾನೆ? ಆ ಆಸ್ಪತ್ರೆಯಲ್ಲೇ ಅವಳು ತನ್ನ ಮೊದಲ ಮಗುವನ್ನು ಕಳೆದುಕೊಳ್ಳುತ್ತಾಳೆ. ಆ ಅಧ್ಯಾಯ ಓದಿ ಅತ್ತೆ ಅಂತ ಬರೆದ ಓದುಗರು ಹಲವರಿದ್ದಾರೆ, ನಿಮ್ಮ ಪತ್ರದಲ್ಲೂ ಆ ಒಂದು ಸಾಲಿದೆ.

ನೀವು ಎತ್ತದೆ ಬಿಟ್ಟ, ಬೇರೆ ಓದುಗರು ಎತ್ತಿದ ಒಂದು ಆಕ್ಷೇಪ ನನಗೆ ಎಲ್ಲಕ್ಕಿಂತ ದೊಡ್ಡದು. ಈ ಪುಸ್ತಕಗಳಲ್ಲಿ ಲೈಂಗಿಕ ಹಿಂಸೆ ಮತ್ತೆ ಮತ್ತೆ ಬರುತ್ತದೆ. ಎರಡನೆಯದರಲ್ಲಿ ಫರ್ಗಸ್ ಎಂಬ ಪುಟ್ಟ ಹುಡುಗನ ಮೇಲೂ ನಡೆಯುತ್ತದೆ. ಜೇಮಿ ಕ್ಲೇರ್‌ಗೆ ಕೊಟ್ಟ ಮಾತು ಮುರಿದು ದ್ವಂದ್ವಯುದ್ಧಕ್ಕಿಳಿಯಲು ಅದೇ ಕಾರಣ. ಕಥೆಯನ್ನು ತಿರುಗಿಸಲು ಒಂದು ಮಗುವಿನ ನೋವು ಬೇಕಿತ್ತೇ? ಬೇಕಿರಲಿಲ್ಲ ಅನ್ನುವವರ ಜೊತೆ ನಾನಿದ್ದೇನೆ. ಹದಿಹರೆಯದ ಮಕ್ಕಳ ಕೈಗೆ ಕೊಡುವವರು ಇದನ್ನು ತಿಳಿದು ಕೊಡಬೇಕು.

ಇತಿಹಾಸದ ಮೇಷ್ಟ್ರೊಬ್ಬರು ಇನ್ನೊಂದು ಆಕ್ಷೇಪ ಬರೆದಿದ್ದಾರೆ. ಇದು ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ ಅನ್ನುವ ಸರಳ ಕಥೆಯಲ್ಲ, ಎಷ್ಟೋ ಸ್ಕಾಟರು ಸರ್ಕಾರದ ಕಡೆಯೇ ಹೋರಾಡಿದರು ಅಂತ. ಅದು ಸರಿ. ಆದರೆ ಎರಡನೇ ಪುಸ್ತಕ ಇದನ್ನು ಮರೆತಿಲ್ಲ. ಜೇಮಿಯ ಅಜ್ಜನಾಗಿ ಬರುವ ಲಾರ್ಡ್ ಲೊವಾಟ್ ನಿಜವಾಗಿ ಇದ್ದವನು. ತಾನು ರಾಜನಿಗೆ ನಿಷ್ಠ ಅನ್ನುತ್ತಲೇ ಮಗನನ್ನು ದಂಗೆಗೆ ಕಳಿಸಿದ. ಎರಡು ದೋಣಿಯ ಈ ಆಟ ಫಲಿಸಲಿಲ್ಲ. 1747ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ಅವನ ತಲೆ ಕಡಿದರು. ಬ್ರಿಟನ್ನಿನಲ್ಲಿ ಹಾಗೆ ಶಿರಚ್ಛೇದವಾದ ಕೊನೆಯವನು ಅವನೇ.

ಫ್ರಾಂಕ್ ಬಗ್ಗೆ ನಿಮ್ಮ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ಹೆಂಡತಿ ಮೂರು ವರ್ಷ ಕಾಣೆಯಾಗಿ, ಬೇರೊಬ್ಬನ ಮಗುವನ್ನು ಹೊತ್ತು ಬರುತ್ತಾಳೆ. ನಂಬಲಾಗದ ಕಥೆ ಹೇಳುತ್ತಾಳೆ. ಅವನು ಆ ಮಗುವನ್ನು ತನ್ನದೆಂದೇ ಬೆಳೆಸುತ್ತಾನೆ. ಬ್ರಿಯಾನಾಗೆ ಅಪ್ಪ ಅಂದರೆ ಅವನೇ. ಕಥೆ ಶುರುವಾಗುವಾಗ ಅವನು ತೀರಿಕೊಂಡಾಗಿದೆ. ಅವನ ಕಡೆಯ ಮಾತು ಹೇಳಲು ಪುಸ್ತಕದಲ್ಲಿ ಯಾರೂ ಇಲ್ಲ. ‘ಜೇಮಿಗೆ ಕತ್ತಿ ಕೊಟ್ಟರು, ಫ್ರಾಂಕ್‌ಗೆ ಬರೀ ಮೌನ ಕೊಟ್ಟರು’ ಅಂತ ಬರೆದಿದ್ದೀರಿ. ಈ ಸಾಲು ಓದಿದ ಮೇಲೆ ನಾನು ಆ ಅಧ್ಯಾಯಗಳನ್ನು ಮತ್ತೆ ತೆರೆದೆ. ನಿಮ್ಮ ಮಾತು ನಿಂತಿತು.

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಮೂರನೆಯದನ್ನು ಕೊಳ್ಳಿ. ಎರಡನೆಯದರ ಕೊನೆಯಲ್ಲಿ ಇತಿಹಾಸಕಾರ ರೋಜರ್ ಒಂದು ಸಂಗತಿ ಹೇಳುತ್ತಾನಲ್ಲ, ಕಲೊಡೆನ್ ಆದ ಮೇಲೆ ಒಂದು ಮನೆಯಲ್ಲಿ ಅಡಗಿದ್ದ ಗಾಯಾಳು ಅಧಿಕಾರಿಗಳನ್ನು ಗುಂಡಿಟ್ಟು ಕೊಂದರು, ಫ್ರೇಸರ್ ಪಡೆಯವನೊಬ್ಬ ಬದುಕುಳಿದ ಅಂತ. ಯುದ್ಧದ ಬಗೆಗಿನ ಒಂದು ಪುಸ್ತಕದಲ್ಲಿ ಇದನ್ನು ಓದಿದ್ದರಿಂದಲೇ ತನ್ನ ನಾಯಕನಿಗೆ ಫ್ರೇಸರ್ ಅನ್ನುವ ಮನೆತನದ ಹೆಸರಿಟ್ಟೆ ಅಂತ ಲೇಖಕಿ ಹೇಳಿದ್ದಾರೆ. ಆ ಮೂರನೆಯ ಪುಸ್ತಕ ‘ವಾಯೇಜರ್’ ಶುರುವಾಗುವುದು ಅದೇ ಯುದ್ಧಭೂಮಿಯಲ್ಲಿ. ಜೊತೆಜೊತೆಗೇ ಬಾಸ್ಟನ್ನಿನ ಆ ಇಪ್ಪತ್ತು ವರ್ಷಗಳೂ ಬಿಚ್ಚಿಕೊಳ್ಳುತ್ತವೆ. ಕ್ಲೇರ್ ಮತ್ತು ಫ್ರಾಂಕ್ ಒಂದೇ ಮನೆಯಲ್ಲಿ ಹೇಗೆ ಬಾಳಿದರು ಅನ್ನುವುದು ಅಲ್ಲಿ ಬರುತ್ತದೆ. ನಿಮಗೆ ಅದು ಸಾಕಾಗುತ್ತದೋ ಇಲ್ಲವೋ ಅನ್ನುವ ಕುತೂಹಲ ನನಗಿದೆ. ಮೊದಲ ನೂರು ಪುಟ ಓದಿ ಬರೆಯಿರಿ. ಫ್ರಾಂಕ್ ಬಗ್ಗೆ ನೀವು ಬರೆಯುವುದನ್ನು ಪತ್ರಗಳ ಪುಟದಲ್ಲಿ ಅಲ್ಲ, ಪುಸ್ತಕ ಅಂಕಣದಲ್ಲೇ ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ