ಶಾರ್ಕ್ ಕಂಡರೆ ಮೊದಲು ಎಂಜಿನ್ ನಿಲ್ಲಿಸಿ

ಪ್ರಶ್ನೆ: ನಾನಿರೋದು ವಾಸ್ಕೋದಲ್ಲಿ, ಊರು ಅಂಕೋಲಾ. ಮಾಲಿಂ ಜೆಟ್ಟಿಯಿಂದ ಗೆಳೆಯನ ಟ್ರಾಲರ್‌ನಲ್ಲಿ ಆಳಸಮುದ್ರಕ್ಕೆ ಹೋಗಿದ್ದೆ. ಮೈತುಂಬ ಬಿಳಿ ಚುಕ್ಕೆಯಿದ್ದ ಭಾರೀ ಶಾರ್ಕ್ ಬಾಯಿ ತೆರೆದುಕೊಂಡು ಮೇಲೆಯೇ ಬರುತ್ತಿತ್ತು. ಬಾಸ್ಕಿಂಗ್ ಶಾರ್ಕ್ ಬಿಸಿಲು ಕಾಯಿಸ್ತಿತ್ತು ಅಲ್ವಾ? ಹತ್ತಿರ ಹೋದ ಕೂಡಲೇ ಮುಳುಗಿತು. ಮತ್ತೆ ಸಿಕ್ಕರೆ ಏನು ಗಮನಿಸಬೇಕು?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ದೋಣಿ ಹತ್ತಿರ ಹೋಗಿರುತ್ತದೆ, ಮೀನು ಮುಳುಗಿರುತ್ತದೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆಯುತ್ತಿದ್ದೇನೆ.

ಚುಕ್ಕೆ ಇತ್ತು ಅಂದಮೇಲೆ ಅದು ತಿಮಿಂಗಿಲ ಶಾರ್ಕ್. ಅದರ ತಲೆ ಅಗಲ, ಚಪ್ಪಟೆ. ಬಾಯಿ ತಲೆಯ ತುದಿಯಲ್ಲೇ ಇರುತ್ತದೆ. ಬಾಸ್ಕಿಂಗ್ ಶಾರ್ಕ್‌ಗೆ ಚೂಪು ಮೂತಿ, ಕುತ್ತಿಗೆಯನ್ನು ಹೆಚ್ಚುಕಡಿಮೆ ಸುತ್ತಿಕೊಂಡ ಕಿವಿರಿನ ಸೀಳುಗಳು. ಅದು ತಣ್ಣೀರಿನ ಪ್ರಾಣಿ. ಬೇಸಿಗೆಯಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಮೇಲೆ ಕಾಣುತ್ತದೆ. ಬಿಸಿ ಕಡಲಿಗೆ ಬಂದರೂ ನೂರಾರು ಮೀಟರ್ ಆಳದಲ್ಲೇ ಇರುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಟ್ಯಾಗ್ ಹಾಕಿದ ಕೆಲವು ಹೀಗೆ ಬ್ರೆಜಿಲ್‌ವರೆಗೆ ಹೋದದ್ದು 2009ರಲ್ಲಿ ಪ್ರಕಟವಾಯಿತು. ಗೋವಾದಲ್ಲಿ ಅದನ್ನು ತೋರಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ಒಂದು ಪೈಸೆಯೂ ಕೊಡಬೇಡಿ.

ಬಿಸಿಲು ಕಾಯಿಸುವ ಮಾತನ್ನೂ ಬಿಡಿ. ಎರಡೂ ಶಾರ್ಕ್ ಮೇಲೆ ಬರುವುದು ಹೆಚ್ಚಾಗಿ ಊಟಕ್ಕೆ. ಬಾಸ್ಕಿಂಗ್ ಶಾರ್ಕ್ ಬಾಯಿ ತೆರೆದು ನಿಧಾನವಾಗಿ ಮುಂದೆ ಹೋಗುತ್ತದೆ. ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಪುಟ್ಟ ಜೀವಿಗಳು, ಒಳಗೆ ಉಳಿಯುತ್ತದೆ. ತಿಮಿಂಗಿಲ ಶಾರ್ಕ್ ಹೀಗೂ ತಿನ್ನುತ್ತದೆ, ಒಂದೇ ಕಡೆ ನೆಟ್ಟಗೆ ನಿಂತು ನೀರನ್ನು ಒಳಗೆ ಎಳೆದುಕೊಂಡೂ ತಿನ್ನುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಬಾಯಿ. ತೆರೆದಿದೆಯಾ, ಮುಚ್ಚಿದೆಯಾ? ಐರ್ಲೆಂಡಿನ ಪಶ್ಚಿಮ ಕಡಲಲ್ಲಿ ಬಾಸ್ಕಿಂಗ್ ಶಾರ್ಕ್‌ಗಳು ಗುಂಪಾಗಿ ನಿಧಾನಕ್ಕೆ ದುಂಡಗೆ ಸುತ್ತುತ್ತವೆ. ದೂರದಿಂದ ನೋಡಿದವರು ಊಟ ಎಂದೇ ತಿಳಿಯಬಹುದು. ಡ್ರೋನ್‌ನಿಂದಲೂ ನೀರಿನೊಳಗಿನ ಕ್ಯಾಮೆರಾದಿಂದಲೂ ನೋಡಿದಾಗ ಅವು ತಿನ್ನುತ್ತಿರಲಿಲ್ಲ. ಗಂಡು ಹೆಣ್ಣು ಎರಡೂ ಇದ್ದವು, ಈಜುರೆಕ್ಕೆ ಒಂದಕ್ಕೊಂದು ತಾಕುತ್ತಿತ್ತು. ಅದು ಜೊತೆ ಹುಡುಕುವ ಸುತ್ತಾಟ ಎಂದು 2022ರಲ್ಲಿ ವರದಿಯಾಯಿತು. ಬಾಯಿಯ ಕಡೆ ಕಣ್ಣಿಡದೆ ‘ತಿನ್ನುತ್ತಿತ್ತು’ ಎಂದು ಬರೆದರೆ ಇಂಥದ್ದು ಕೈತಪ್ಪಿಹೋಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಕಂಡ ತಕ್ಷಣ ದೋಣಿ ನಡೆಸುವ ತಾಂಡೇಲರಿಗೆ ಹೇಳಿ ಎಂಜಿನ್ ನಿಲ್ಲಿಸಿ. ಅದರ ಹಿಂದೆ ಹೋಗಬೇಡಿ, ದಾರಿಗೆ ಅಡ್ಡ ಹೋಗಬೇಡಿ, ನೀರಿಗೆ ಹಾರಲೇಬೇಡಿ. ಅಟ್ಟಿಸಿಕೊಂಡು ಹೋದರೆ ನೀವು ನೋಡುವುದು ಹೆದರಿದ ಮೀನನ್ನು. ಅದರ ನಿಜವಾದ ನಡವಳಿಕೆ ಅಷ್ಟರಲ್ಲೇ ಮುಗಿದಿರುತ್ತದೆ. ನಿಂತ ದೋಣಿಯ ಹತ್ತಿರ ತಾನಾಗಿ ಬಂದರೆ ಬರಲಿ. ವಿಡಿಯೋ ತುಂಡು ತುಂಡಾಗಿ ಬೇಡ, ಬಿಡದೆ ತೆಗೆಯಿರಿ. ಸಮಯ, ಜಿಪಿಎಸ್, ಯಾವ ದಿಕ್ಕಿಗೆ ಹೊರಟಿತ್ತು, ಎಲ್ಲಿ ತಿರುಗಿತು, ಸುತ್ತ ಹಕ್ಕಿ ಇತ್ತಾ, ಸಣ್ಣ ಮೀನಿನ ಹಿಂಡು ಇತ್ತಾ, ಎಲ್ಲ ಬರೆದಿಡಿ. ‘ಆಟ ಆಡ್ತಿತ್ತು’, ‘ಸಿಟ್ಟಾಗಿತ್ತು’ ಅಂತ ಬರೆಯಬೇಡಿ. ಕಂಡಷ್ಟೇ ಸಾಕು. ಸಾಧ್ಯವಾದರೆ ಎಡಮೈಯಲ್ಲಿ ಕಿವಿರಿನ ಹಿಂದಿನ ಜಾಗದ ಫೋಟೋ ಬೇಕು. ಅಲ್ಲಿನ ಚುಕ್ಕೆಗಳ ಜೋಡಣೆ ಒಂದೊಂದು ಮೀನಿಗೂ ಬೇರೆ ಬೇರೆ. ಅದೇ ಮೀನು ಮುಂದೆ ಬೇರೆಲ್ಲಾದರೂ ಕಂಡರೆ ಗುರುತು ಸಿಗುತ್ತದೆ. ಬಾಲದ ಫೋಟೋ ಹತ್ತು ಕಳಿಸಿದರೂ ಈ ಒಂದಕ್ಕೆ ಸಮವಲ್ಲ.

ಪ್ರಶ್ನೆ: ಇವು ಮನುಷ್ಯರನ್ನು ತಿನ್ನುತ್ತವಾ? (ಡೊಂಬಿವಲಿ)

ಉತ್ತರ: ಇಲ್ಲ.

ಪ್ರಶ್ನೆ: ಶಾರ್ಕ್‌ಗೆ ಕ್ಯಾನ್ಸರ್ ಬರುವುದಿಲ್ಲವಂತೆ. ಅದರ ಮೃದ್ವಸ್ಥಿಯ ಪುಡಿ ಅಮ್ಮನಿಗೆ ಕೊಡಬಹುದಾ? (ಪುಣೆ)

ಉತ್ತರ: ಕೊಡಬೇಡಿ. ಶಾರ್ಕ್‌ಗೂ ಕ್ಯಾನ್ಸರ್ ಬರುತ್ತದೆ. ರೋಗಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಪುಡಿಯಿಂದ ಪ್ರಯೋಜನ ಕಾಣಲಿಲ್ಲ. ಇದನ್ನು ಮಾರುವವರು ಜನರ ಸಂಕಟದಲ್ಲಿ ದುಡ್ಡು ಮಾಡುತ್ತಿದ್ದಾರೆ. ಅಮ್ಮನ ಚಿಕಿತ್ಸೆ ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ದರೆ? (ಮಡಗಾಂವ್)

ಉತ್ತರ: ಬಲೆ ಕತ್ತರಿಸಿ ಬಿಡಿ. 2001ರಿಂದ ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯದು. ಬಲೆಯ ನಷ್ಟ ದೊಡ್ಡದು, ನನಗೆ ಗೊತ್ತು. ಗುಜರಾತಿನ ಮೀನುಗಾರರು ಬಲೆ ಕತ್ತರಿಸಿ ನೂರಾರು ಶಾರ್ಕ್ ಬಿಟ್ಟಿದ್ದಾರೆ, ಅಲ್ಲಿ ಪರಿಹಾರವೂ ಸಿಗುತ್ತದೆ. ಕತ್ತರಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬಾಲಕ್ಕೆ ಹಗ್ಗ ಕಟ್ಟಿ ಮಾತ್ರ ಎಳೆಯಬೇಡಿ, ಕಿವಿರಿಗೆ ನೀರು ಸರಿಯಾಗಿ ಹಾಯದೆ ಅದು ಸಾಯಬಹುದು.