ಕಲಿಸಿದರೆ ಕಸುಬು ಕೈಬಿಟ್ಟು ಹೋಗುವುದೇ?

ಪ್ರಶ್ನೆ: ನನಗೆ 54 ವರ್ಷ. ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ 31 ವರ್ಷಗಳಿಂದ ಟರ್ನರ್ ಆಗಿದ್ದೇನೆ, ಎಂದರೆ ಲೇಥ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಕೆಲಸ. ಒಂದು ಖಾಸಗಿ ಐ.ಟಿ.ಐ.ನವರು ಹುಡುಗರಿಗೆ ಲೇಥ್ ಕೆಲಸ ಕಲಿಸಲು ಕರೆದಿದ್ದಾರೆ. ಪಗಾರ ಈಗಿನದಕ್ಕಿಂತ 7,000 ರೂಪಾಯಿ ಕಡಿಮೆ. ‘ಇದ್ದದ್ದು ಬಿಟ್ಟು ಪಾಟಿ ಹಿಡಿಯೂ ವಯಸ್ಸೇನ್ರೀ ಇದು?’ ಎಂದು ಮನೆಯವರು ಕೇಳುತ್ತಾರೆ. ನನ್ನ ಉಸ್ತಾದರು ಟೂಲಿಗೆ ಸಾಣೆ ಹಿಡಿಯುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಾನು ಕದ್ದು ನೋಡಿ ಕಲಿತವನು. ಹಾಗಾಗಬಾರದೆಂದು ಒಬ್ಬ ಹುಡುಗನಿಗೆ ಕೈಹಿಡಿದು ಕಲಿಸಿದೆ. ಅವನು ಹಿಂದಿನ ಓಣಿಯಲ್ಲೇ ಸ್ವಂತ ಲೇಥ್ ಹಾಕಿ ನಮ್ಮ ಮಾಲೀಕರ ಇಬ್ಬರು ಗಿರಾಕಿಗಳನ್ನು ಒಯ್ದ. ಮಾಲೀಕರಿಂದ ನಾನು ಮಾತು ಕೇಳಬೇಕಾಯಿತು. ಕಲಿಸುವುದರಲ್ಲಿ ನಿಜವಾಗಿ ಏನಾದರೂ ಪ್ರಾಪ್ತಿ ಇದೆಯೇ? ಅಷ್ಟಕ್ಕೂ ಎಲ್ಲರೂ ಕಂಪ್ಯೂಟರಿನಿಂದ ನಡೆಯುವ ಸಿ.ಎನ್.ಸಿ. ಯಂತ್ರ ಹಾಕುತ್ತಿರುವಾಗ ಈ ವಿದ್ಯೆ ಯಾರಿಗೆ ಬೇಕು?
— ಹೆಸರು ಬೇಡ, ಬೆಳಗಾವಿ

ಉತ್ತರ: ನೀವು ಹೆಸರು ಬರೆದಿಲ್ಲವಾದ್ದರಿಂದ ಶಾಪಿನ ಹುಡುಗರು ಕರೆಯುವ ಹಾಗೆ ನಿಮ್ಮನ್ನು ಮಿಸ್ತ್ರಿಯವರೇ ಎಂದು ಕರೆಯುತ್ತೇನೆ. ನಾನೂ ಹತ್ತು ವರ್ಷ ಲೇಥಿನ ಮುಂದೆ ನಿಂತು, ಆಮೇಲೆ 26 ವರ್ಷ ಟರ್ನರ್ ವಿಭಾಗದ ಹುಡುಗರಿಗೆ ಕಲಿಸಿ ನಿವೃತ್ತನಾದವನು. ಆದ್ದರಿಂದ ಈ ಪತ್ರಕ್ಕೆ ಉತ್ತರ ಬರೆಯುವಾಗ ಸ್ವಲ್ಪ ಪಕ್ಷಪಾತ ಇದ್ದೀತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪ್ರಾಪ್ತಿಯ ಮಾತು ಮೊದಲು. ನಾನು ಕಲಿಸಲು ಸೇರಿದ ಮೊದಲ ವರ್ಷ, ಫೌಂಡ್ರಿಯಿಂದ ಬಂದ ಬೀಡುಕಬ್ಬಿಣದ ಕಾಸ್ಟಿಂಗ್ (ಅಚ್ಚಿನಲ್ಲಿ ಎರಕ ಹೊಯ್ದ ತುಂಡು) ಒಂದನ್ನು ಲೇಥಿನ ಚಕ್ಕಿಗೆ, ಎಂದರೆ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ, ಕಟ್ಟಿ, ಮೊದಲ ಕಟ್ ಅಂಜದೆ ಆಳವಾಗಿ ಕೊಡಬೇಕು ಎಂದು ಹೇಳಿದೆ. ಹಿಂದೆ ನಿಂತಿದ್ದ ಒಬ್ಬ ಹುಡುಗ, ಮೊದಲು ಸ್ವಲ್ಪ ಸ್ವಲ್ಪವೇ ತೆಗೆದರೆ ಸುರಕ್ಷಿತವಲ್ಲವೇ, ಆಳವಾಗಿ ಏಕೆ ಎಂದು ಕೇಳಿದ. ಹತ್ತು ವರ್ಷ ಹಾಗೆಯೇ ಮಾಡುತ್ತಾ ಬಂದಿದ್ದ ನನ್ನ ಬಳಿ, ನಮ್ಮ ಉಸ್ತಾದರು ಹಾಗೆ ಹೇಳಿದ್ದರು ಎಂಬುದರ ಹೊರತು ಬೇರೆ ಉತ್ತರವಿರಲಿಲ್ಲ. ಆ ಸಂಜೆ ಒಂದು ರದ್ದಿ ಕಾಸ್ಟಿಂಗನ್ನು ಒಡೆದು, ಅದರ ಸಿಪ್ಪೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಅಚ್ಚಿನ ಮರಳು ಸುಟ್ಟು ಮೈಗೆ ಅಂಟಿಕೊಂಡಿತ್ತು. ಹೊರಮೈ ಬೇಗ ತಣಿಯುವುದರಿಂದ ಒಳಗಿನ ಲೋಹಕ್ಕಿಂತ ಗಟ್ಟಿಯಾಗಿಯೂ ಇರುತ್ತದೆ. ತೆಳ್ಳಗೆ ಕೆರೆದರೆ ಟೂಲಿನ ಮೊನೆ ಆ ಮರಳಿನಲ್ಲೇ ತಿಕ್ಕಿ ಸವೆಯುತ್ತದೆ, ಸಿಪ್ಪೆಯ ಕೆಳಗೆ ಇಳಿದರೆ ಮೃದುವಾದ ಲೋಹ ಸಿಗುತ್ತದೆ. ಮರುದಿನ ಆ ಹುಡುಗನಿಗೆ ಉತ್ತರ ಹೇಳಿದಾಗ ಅವನಿಗಿಂತ ಹೆಚ್ಚು ಸಂತೋಷ ನನಗೇ ಆಯಿತು. ನಿಮ್ಮ 31 ವರ್ಷಗಳ ವಿದ್ಯೆಯಲ್ಲಿ ಬಹುಪಾಲು ಕೈಯಲ್ಲಿದೆ, ಕಿವಿಯಲ್ಲಿದೆ. ಅದು ಬಾಯಿಗೆ ಬರುವುದು ಯಾರಾದರೂ ಪಕ್ಕದಲ್ಲಿ ನಿಂತು ಏಕೆ ಎಂದು ಕೇಳಿದಾಗ. ಕಲಿಸುವುದರಿಂದ ಸಿಗುವ ದೊಡ್ಡ ಗಳಿಕೆ ನನ್ನ ಲೆಕ್ಕದಲ್ಲಿ ಇದೇ.

ಹುಡುಗರ ತಪ್ಪುಗಳೂ ನಿಮಗೆ ಕಲಿಸುತ್ತವೆ. 40 ಮಿಲಿಮೀಟರ್ ಸರಳನ್ನು 38ಕ್ಕೆ ಇಳಿಸಲು ಹೇಳಿದರೆ, ಟೂಲನ್ನು 2 ಮಿಲಿಮೀಟರ್ ಒಳಗೆ ತಳ್ಳಿ 36 ಮಾಡಿಟ್ಟು ಕಣ್ಣು ಕಣ್ಣು ಬಿಡುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಟೂಲ್ ಒಂದು ಕಡೆಯಿಂದ ತೆಗೆದದ್ದು ವ್ಯಾಸದಲ್ಲಿ ಎರಡರಷ್ಟಾಗುತ್ತದೆ ಎಂಬುದು ನಿಮಗೆ ಉಸಿರಾಟದಷ್ಟು ಸಹಜವಾಗಿರುವುದರಿಂದ, ಅದನ್ನು ಹೇಳಿಕೊಡಬೇಕಾದ ಸಂಗತಿ ಎಂದು ನಿಮಗೆ ತೋಚುವುದೇ ಇಲ್ಲ. ಸಿಟ್ಟು ಬರುತ್ತದೆ, ಬರಲಿ. ಆದರೆ ನಾಲ್ಕು ದವಡೆಯ ಚಕ್ಕಿನಲ್ಲಿ ಕೆಲಸವನ್ನು, ಎಂದರೆ ಕಡೆಯಬೇಕಾದ ತುಂಡನ್ನು, ಸೆಂಟರಿಗೆ ತರಲು ಮುಂಜಾನೆಯಿಂದ ಒದ್ದಾಡಿದ ಹುಡುಗ, ಎತ್ತರವಿರುವ ಕಡೆಯ ಎದುರು ದವಡೆ ಸಡಿಲಿಸಿ ಈಚೆಯದನ್ನು ಬಿಗಿಸಬೇಕೆಂಬುದು ಹೊಳೆದು, ಓರೆ ತೋರಿಸುವ ಡಯಲಿನ ಮುಳ್ಳು ಅಲುಗದೆ ನಿಂತಾಗ ತಲೆಯೆತ್ತಿ ನಿಮ್ಮನ್ನು ಹುಡುಕುತ್ತಾನಲ್ಲ, ಅದನ್ನು ಒಮ್ಮೆ ಕಂಡವರು ಮತ್ತೆ ಕಾಣಲು ಆಸೆಪಡುತ್ತಾರೆ. ನಾನಂತೂ 26 ವರ್ಷ ಆಸೆಪಟ್ಟೆ.

ಇನ್ನು ಆ ಹಿಂದಿನ ಓಣಿಯ ಹುಡುಗನ ವಿಷಯ. ಅವನು ಸ್ವಂತ ಲೇಥ್ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ. ಫೌಂಡ್ರಿ ಮತ್ತು ಮಷೀನ್ ಶಾಪುಗಳಿಗೆ ಹೆಸರಾದ ಈ ಊರಿನಲ್ಲಿ ಹೆಲ್ಪರ್ ಆಗಿ ಸೇರಿ ಮಾಲೀಕರಾದವರು ನಿಮಗೂ ಎಷ್ಟೋ ಮಂದಿ ಗೊತ್ತು. ನಿಮಗೆ ಒಂದು ಮಾತೂ ತಿಳಿಸದೆ ಗಿರಾಕಿಗಳನ್ನು ಒಯ್ದದ್ದು ತಪ್ಪು, ಅದಕ್ಕಾಗಿ ನೀವು ಮಾತು ಕೇಳಬೇಕಾದದ್ದು ಅನ್ಯಾಯ. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ ನನಗೆ ಅನಿಸಿದ್ದನ್ನು ಹೇಳಬೇಕು: ನಿಮಗೆ ನೋವಾದದ್ದು ಗಿರಾಕಿಗಳು ಹೋದದ್ದಕ್ಕಲ್ಲ, ಅವರು ನಿಮ್ಮ ಗಿರಾಕಿಗಳೂ ಅಲ್ಲ, ಅವನು ನಿಮ್ಮನ್ನು ಉಸ್ತಾದರೆಂದು ನೆನೆಯಲಿಲ್ಲ ಎಂಬುದಕ್ಕೆ. ಕೃತಜ್ಞತೆ ಬಂದೇ ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ನನ್ನ ಕೈಕೆಳಗೆ ಕಲಿತವರಲ್ಲಿ ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ ಮಾತನಾಡಿಸುವವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಅದನ್ನೇ ಪಗಾರವೆಂದು ಎಣಿಸಿಕೊಂಡು ಹೋಗುವುದಾದರೆ ದಯವಿಟ್ಟು ಹೋಗಬೇಡಿ.

ಸಿ.ಎನ್.ಸಿ. ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಯಂತ್ರ ಪ್ರೋಗ್ರಾಮಿನಲ್ಲಿ ಬರೆದಂತೆ ಓಡುತ್ತದೆ. ಆದರೆ ಕಟ್ಟಿದ ಕೆಲಸ ನಡುಗುತ್ತಿದೆಯೇ, ಇನ್ಸರ್ಟಿನ (ಟೂಲಿಗೆ ಕೂಡಿಸುವ ಕತ್ತರಿಸುವ ತುಣುಕಿನ) ಮೊನೆ ಹೋಗಿದೆಯೇ, ಚೂರಿನ ಬಣ್ಣ ಏಕೆ ಬದಲಾಯಿತು ಎಂಬುದನ್ನು ಅದರ ಮುಂದೆ ನಿಂತವನೇ ಕಂಡುಹಿಡಿಯಬೇಕು. ಫೇಸಿಂಗ್ ಮಾಡಿದ ಮೇಲೆ, ಎಂದರೆ ತುಂಡಿನ ತುದಿಯನ್ನು ಸಪಾಟಾಗಿ ಕಡೆದ ಮೇಲೆ, ನಡುವೆ ಮೊಳಕೆಯಂಥ ತುಣುಕು ಉಳಿದರೆ ಟೂಲ್ ಸೆಂಟರಿನ ಎತ್ತರಕ್ಕೆ ಇಲ್ಲ ಎಂದು ಕೈ ಲೇಥಿನಲ್ಲಿ ಕಲಿತವನು ಅಲ್ಲಿಯೂ ಅದನ್ನೇ ನೋಡುತ್ತಾನೆ.

ಈಗ 7,000 ರೂಪಾಯಿಯ ಮಾತು. ಇಲ್ಲಿ ನಾನು ನಿಮ್ಮ ಮನೆಯವರ ಪಕ್ಷ. ನಾನು ಮೇಲೆ ಹೇಳಿದ ಸಂತೋಷ ಯಾವುದೂ ಕಿರಾಣಿ ಅಂಗಡಿಯ ಉದ್ರಿ ತೀರಿಸುವುದಿಲ್ಲ, ಆ ಕೊರತೆ ತಿಂಗಳು ತಿಂಗಳು ಬೀಳುವುದು ಮೊದಲು ಅವರ ಲೆಕ್ಕಕ್ಕೆ. ಆದ್ದರಿಂದ ರಾಜೀನಾಮೆ ಬರೆಯಬೇಡಿ. ಐ.ಟಿ.ಐ.ನ ಪ್ರಾಚಾರ್ಯರನ್ನು ಕಂಡು, ಪ್ರಾಯೋಗಿಕ ಪಾಠವನ್ನು ವಾರಕ್ಕೆ ಎರಡು ದಿನ ಅತಿಥಿ ಬೋಧಕರಾಗಿ ನಡೆಸಲು ಸಾಧ್ಯವೇ, ದಿನಕ್ಕೆ ಏನು ಕೊಡುತ್ತಾರೆ ಎಂದು ಕೇಳಿ. ಒಬ್ಬರಿಗೆ ಎಷ್ಟು ಹುಡುಗರು, ಓಡುವ ಸ್ಥಿತಿಯ ಲೇಥುಗಳು ಎಷ್ಟು ಎಂದೂ ಕೇಳಿ, ಕೇಳಿದ ಮೇಲೆ ವರ್ಕ್‌ಶಾಪಿನೊಳಗೆ ಹೋಗಿ ನೀವೇ ಎಣಿಸಿ. ನಾಲ್ಕು ಲೇಥಿನ ಸುತ್ತ ಮೂವತ್ತು ಹುಡುಗರನ್ನು ನಿಲ್ಲಿಸಿ ಕಲಿಸಿ ಎನ್ನುವವರ ಬಳಿ ನಿಮಗೂ ಹುಡುಗರಿಗೂ ಬೇಸರವೇ ಸಿಗುವುದು. ಮುಂದೆ ಕಾಯಂ ಬೋಧಕರಾಗುವ ಮನಸ್ಸಾದರೆ ಸಿ.ಐ.ಟಿ.ಎಸ್. ಎಂಬ ಒಂದು ವರ್ಷದ ಬೋಧಕ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಎರಡು ದಿನದ ರಜೆಗೆ ನಿಮ್ಮ ಮಾಲೀಕರು ಒಪ್ಪದಿದ್ದರೆ, ಶಾಪಿನಲ್ಲೇ ಅಪ್ರೆಂಟಿಸ್ ಹುಡುಗರನ್ನು ತೆಗೆದುಕೊಳ್ಳುವಂತೆ ಅವರಿಗೆ ಹೇಳಿ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅವರನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಜನರಿರುವವು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹಳೆಯ ಕಹಿ ಇರುವುದರಿಂದ ಅವರು ತಕ್ಷಣ ಹೂಂ ಎನ್ನಲಿಕ್ಕಿಲ್ಲ. ಸರ್ಕಾರದ ಪಾಲಿನ ಲೆಕ್ಕವನ್ನು ಕಾಗದದಲ್ಲಿ ಬರೆದು ಮುಂದಿಟ್ಟರೆ ಓದಿಯಾದರೂ ನೋಡುತ್ತಾರೆ, ಮಾಲೀಕರ ಸ್ವಭಾವವೇ ಹಾಗೆ.

ಎಲ್ಲಿಯೇ ಕಲಿಸಿ, ಮೊದಲ ದಿನ ಬೋರ್ಡಿನ ಹತ್ತಿರ ಹೋಗಬೇಡಿ. ದವಡೆ ಬಿಗಿಸುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಮೋಟಾರ್ ಚಾಲೂ ಮಾಡಿದರೆ ಅದು ಎಷ್ಟು ದೂರ ಹಾರುತ್ತದೆ, ಲೇಥಿನ ಮೇಲೆ ಕೈಗವಸು ಹಾಕಿಕೊಂಡವನ ಬೆರಳಿಗೆ ಏನಾಗುತ್ತದೆ ಎಂದು ನೀವು ಕಂಡದ್ದನ್ನು ಹೇಳಿ, ಎಲ್ಲರ ಅಂಗಿಯ ತೋಳು ಮಡಚಿಸಿ. ಆಮೇಲೆ ಗ್ರೈಂಡರಿನ ಬಳಿಗೆ ಕರೆದುಕೊಂಡು ಹೋಗಿ ಒಂದು ಟೂಲಿಗೆ ಸಾಣೆ ಹಿಡಿಯಿರಿ. ಕಲ್ಲು ಒಡೆದರೆ ಚೂರು ನೇರ ಮುಂದಕ್ಕೆ ಬರುವುದರಿಂದ ಹುಡುಗರು ಎದುರಿಗೆ ಬೇಡ, ಕನ್ನಡಕ ಹಾಕಿಸಿ ಒಂದು ಪಕ್ಕಕ್ಕೆ ನಿಲ್ಲಿಸಿ. ನಿಮ್ಮ ಎರಡೂ ಕೈ ಅವರಿಗೆ ಕಾಣುವ ಪಕ್ಕಕ್ಕೆ.